ಡಿಫೆಂಡರನಿಗೆ ಹತ್ತಕ್ಕೆ ಎಷ್ಟು?

ಅಷ್ಟೆಲ್ಲ ಅನಾಹುತಕ್ಕೆ ಮೂಲ ಅಂಗೈಯಗಲದ ಒಂದು ಹಳದಿ ಚೀಟಿ.

ಭಾನುವಾರದ ಫುಟ್‌ಬಾಲ್ ಲೀಗ್ ಪಂದ್ಯದಲ್ಲಿ ಮುದ್ರಣಾಲಯದ ತಂಡವು ಐಸ್ ಕಾರ್ಖಾನೆಯ ತಂಡದೆದುರು ಮೂರು ಗೋಲುಗಳಿಂದ ಸೋತಿತ್ತು. ಸೋತ ಮರುದಿನ ಪ್ರತಿಯೊಬ್ಬ ಆಟಗಾರನೂ ತನ್ನ ಆಟಕ್ಕೆ ಹತ್ತಕ್ಕೆ ಎಷ್ಟು ಅಂಕವೆಂದು ಆ ಹಳದಿ ಚೀಟಿಯಲ್ಲಿ ತಾನೇ ಬರೆದು, ಕಾರಣವನ್ನೂ ನಮೂದಿಸಿ, ಸಂಜೆ ಐದರೊಳಗೆ ಮ್ಯಾನೇಜರರ ಮೇಜಿಗೆ ತಲುಪಿಸಬೇಕೆಂಬುದು ಆ ತಂಡದ ಕಟ್ಟಳೆ. ಮುದ್ರಣಾಲಯಕ್ಕೂ ತಂಡಕ್ಕೂ ಒಬ್ಬರೇ ಆದ ಮ್ಯಾನೇಜರರು ಪಂದ್ಯ ಮುಗಿದ ಕೂಡಲೇ ತಮ್ಮ ಅಂಕಗಳನ್ನು ಬರೆದು ಲಕೋಟೆಗೆ ಹಾಕಿ ಅಂಟಿಸಿಬಿಡುತ್ತಿದ್ದರು. ಅವರ ಅಂಕಕ್ಕೂ ಆಟಗಾರನ ಅಂಕಕ್ಕೂ ಎರಡಕ್ಕಿಂತ ಹೆಚ್ಚಿನ ಅಂತರ ಬಂದರೆ ಮುಂದಿನ ಪಂದ್ಯಕ್ಕೆ ಅವನು ಹೊರಗೆ. "ತನ್ನ ಆಟ ತನಗೇ ಗೊತ್ತಿಲ್ದೋನಿಗೆ ಎದುರಾಳಿ ಆಟ ಏನು ಗೊತ್ತಾಗುತ್ತೆ?" ಎಂಬುದು ಅವರ ಸಿದ್ಧಾಂತ.

ಬೈಂಡಿಂಗ್ ವಿಭಾಗದ 'ಗೋಡೆ' ಆ ತಂಡದ ಎಡಬದಿಯ ಡಿಫೆಂಡರ್. ಹರೆಯದಲ್ಲಿ ಅವನನ್ನು ದಾಟಿ ಇರುವೆಯೂ ಹೋಗುತ್ತಿರಲಿಲ್ಲವಾದ್ದರಿಂದ ಬಂದ ಹೆಸರು. ಈಗ ಮೂವತ್ತೆಂಟರಲ್ಲಿ, ಅಂಗಡಿ ಮುಚ್ಚಿದ ಮೇಲೂ ಉಳಿದ ಬೋರ್ಡಿನಂತೆ ಅದು ನೇತಾಡುತ್ತಿತ್ತು. ಬರುವ ಭಾನುವಾರ ಲೀಗಿನ ಕೊನೆಯ ಪಂದ್ಯ. ಅದಾದ ಮೇಲೆ ಬೂಟು ಕಳಚುವುದಾಗಿ ಅವನು ತನ್ನ ಬಲಮೊಣಕಾಲಿಗೆ ಮಾತು ಕೊಟ್ಟಿದ್ದ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವನ ಹೆಂಡತಿಗೆ ಮದುವೆಯಾದ ಹನ್ನೊಂದು ವರ್ಷವೂ ಭಾನುವಾರವೇ ಡ್ಯೂಟಿ. ಗಂಡನ ಆಟವನ್ನು ಅವಳು ಒಮ್ಮೆಯೂ ಕಂಡವಳಲ್ಲ. ಈ ಸಲ ಹೆಡ್ ನರ್ಸನ್ನು ಕಾಡಿ ಬೇಡಿ, ಎರಡು ರಜೆ ಬಿಟ್ಟುಕೊಟ್ಟು ಆ ಒಂದು ಭಾನುವಾರವನ್ನು ಸಂಪಾದಿಸಿದ್ದಳು. ಆದ್ದರಿಂದ ಮ್ಯಾನೇಜರರು ಲಕೋಟೆಯಲ್ಲಿ ಎಷ್ಟು ಬರೆದಿರಬಹುದೆಂದು ಊಹಿಸುವುದು ಗೋಡೆಗೆ ಜೀವನ್ಮರಣದ ಪ್ರಶ್ನೆಯಾಗಿತ್ತು.

ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ಚೀಟಿಯಿಟ್ಟು ಪೆನ್ಸಿಲಿನಲ್ಲಿ ಆರು ಎಂದು ಬರೆದ. ಹೆಂಡತಿ ಹಿಂದಿನಿಂದ ಇಣುಕಿದಳು.

"ಆರಾ? ನಿಮ್ಮ ಜೆರ್ಸಿ ಒಗೆದೋಳು ನಾನು. ಬಕೆಟ್ ನೀರು ಬಣ್ಣಾನೇ ಬದಲಾಯಿಸ್ಲಿಲ್ಲ. ನಿಜವಾಗ್ಲೂ ಆಡಿದ್ರಾ, ಇಲ್ಲ ನಿಂತಿದ್ರಾ?"

"ಡಿಫೆಂಡರ್ ಅಂದ್ರೆ ಜಾಗ ಹಿಡಿದು ನಿಲ್ಲೋನು ಕಣೆ."

"ಜಾಗ ಹಿಡಿದು ನಿಲ್ಲೋಕೆ ರೇಷನ್ ಕ್ಯೂನಾ?"

ಅವಳು ನಗುತ್ತ ಹೇಳಿದಳು. ಮಾತು ಮಾತ್ರ ಎಲ್ಲೋ ಒಳಗೆ ನಾಟಿತು. ಆರನ್ನು ಅಳಿಸಿ ಅವನು ಕ್ಷೌರದಂಗಡಿಗೆ ನಡೆದ. ಪಂದ್ಯವನ್ನು ಗೆರೆಯಂಚಿನಲ್ಲೇ ನಿಂತು ನೋಡಿದ್ದ ಕ್ಷೌರಿಕ ನಿಷ್ಪಕ್ಷಪಾತಿಯೆಂಬುದು ಅವನ ನಂಬಿಕೆ.

"ನಿಜ ಹೇಳ್ಲಾ ಅಣ್ಣಾ?" ಎಂದು ಕ್ಷೌರಿಕ ಅವನ ಕೆನ್ನೆಗೆ ನೊರೆ ಹಚ್ಚಿದ. "ಪೆನಾಲ್ಟಿ ಬಿಡಿ, ಅದು ರೆಫರಿ ಪುಣ್ಯ. ಕಾರ್ನರ್‌ನಿಂದ ಬಂದಿದ್ದೂ ಬಿಡಿ. ಮೂರನೇದು! ನೀವು ಇಲ್ಲಿದ್ರಿ." ಕತ್ತಿ ಮೂಗಿನ ಕೆಳಗೆ ಬಂದು ನಿಂತಿತು. "ಐಸ್ ಕಾರ್ಖಾನೆ ಹುಡುಗ ಬಲಗಡೆಯಿಂದ ಬಂದ. ನೀವು ನೋಡ್ತಾ ಇದ್ರಿ. ಸರ್‍ರಂತ ಹೀಗೆ ದಾಟ್ಕೊಂಡು ಹೋಗೇಬಿಟ್ಟ!"

ಕನ್ನಡಿಯಲ್ಲಿ ನೋಡುವಾಗ ಮೀಸೆಯ ಎಡಭಾಗವೂ ಆ ಆಟಗಾರನ ಜೊತೆಯಲ್ಲೇ ಹೋಗಿತ್ತು.

"ಅಯ್ಯೋ! ಇದೇನಯ್ಯಾ ಮಾಡಿದೆ?"

"ವಿವರಿಸೋ ಭರದಲ್ಲಿ ಅಣ್ಣಾ... ಇನ್ನೊಂದು ಕಡೆಯೂ ತೆಗೀತೀನಿ, ಸಮ ಆಗುತ್ತೆ. ಅಂಕ ಕೇಳಿದ್ರಲ್ಲ, ಒಂದು ಕೊಡ್ತೀನಿ. ಅದೂ ಬೂಟಿನ ದಾರ ಚೆನ್ನಾಗಿ ಕಟ್ಟಿದ್ದಕ್ಕೆ."

ಹೀಗೆ ಒಂದು ಅಂಕವನ್ನು ಪಡೆದು, ಮೀಸೆಯನ್ನು ಕಳೆದುಕೊಂಡು ಅವನು ಮುದ್ರಣಾಲಯ ಸೇರಿದ. ಬಾಗಿಲಲ್ಲೇ ಮಷಿನ್‌ಮ್ಯಾನ್ ಎದುರಾದ. ಅವನೇ ತಂಡದ ಗೋಲ್‌ಕೀಪರ್.

"ಏನ್ ಗುರುವೇ, ಸೋತ ನಾಚಿಕೆಗೆ ವೇಷ ಮರೆಸ್ಕೊಂಡ್ಯಾ?"

"ಸುಮ್ನಿರೋ. ನೀನೆಷ್ಟು ಬರೆದೆ?"

"ಒಂಬತ್ತು."

"ಮೂರು ಗೋಲು ಬಿಟ್ಟು ಒಂಬತ್ತಾ?"

"ಹತ್ತೇ ಬರೀತಿದ್ದೆ, ವಿನಯ ಅಡ್ಡ ಬಂತು. ಮೂರನೇದಕ್ಕೆ ನೀನು ಬಸ್ಸು ನಿಲ್ಸೋನ ಥರ ಕೈ ಎತ್ಕೊಂಡು ನಿಂತೆ, ನಾನೇನ್ ಮಾಡ್ಲಿ?"

"ಚೆಂಡು ಹೋಗಿದ್ದು ನಿನ್ನ ಕಾಲ ಸಂದೀಲಿ!"

"ಸಂದೀವರೆಗೆ ಬಿಟ್ಟೋರು ಯಾರಪ್ಪಾ?"

ಗೋಡೆ ತನ್ನ ಮೇಜಿಗೆ ಹೋಗಿ ರೇಖಾಗಣಿತದ ಪುಸ್ತಕಗಳಿಗೆ ರಟ್ಟು ಅಂಟಿಸತೊಡಗಿದ. ಕೈ ಅಂಟು ಬಳಿಯುತ್ತಿತ್ತು, ಮನಸ್ಸು ಮೈದಾನದಲ್ಲಿತ್ತು. ಮಧ್ಯಾಹ್ನ ಮೇಲ್ವಿಚಾರಕರು ಬಂದು ಒಂದು ಪ್ರತಿಯನ್ನು ತೆರೆದರು, ತಿರುಗಿಸಿದರು, ಮತ್ತೆ ತಿರುಗಿಸಿದರು. ಅರವತ್ತು ಪುಸ್ತಕಗಳಿಗೂ ರಟ್ಟು ತಲೆಕೆಳಗಾಗಿ ಕೂತಿತ್ತು.

"ಇದನ್ನ ಓದೋಕೆ ಮಕ್ಕಳು ಶೀರ್ಷಾಸನ ಹಾಕ್ಬೇಕೇನಯ್ಯಾ?"

ಅರವತ್ತನ್ನೂ ಬಿಚ್ಚಿ ಮತ್ತೆ ಕಟ್ಟುವ ಶಿಕ್ಷೆಯ ನಡುವೆ, ಆ ಗದ್ದಲ ಕೇಳಿ ಕರಡು ತಿದ್ದುವ ಅಕ್ಕ ಎದ್ದು ಬಂದರು. ಅವರು ಫುಟ್‌ಬಾಲನ್ನು ಜನ್ಮದಲ್ಲಿ ನೋಡಿದವರಲ್ಲ. ಆದರೂ ಚೀಟಿಯನ್ನು ಕಂಡೊಡನೆ ಕೆಂಪು ಪೆನ್ನು ತೆಗೆದರು.

"ಎಂಟು ಬರಿ ತಮ್ಮಾ. ಒಂಬತ್ತು ಅಂದ್ರೆ ದುರಹಂಕಾರ, ಏಳು ಅಂದ್ರೆ ನಿಂಗೇ ಅನುಮಾನ. ಎಂಟು ಅನ್ನೋದು ಮರ್ಯಾದಸ್ಥರ ಅಂಕ. ಕಾರಣದ ಜಾಗದಲ್ಲಿ 'ಕೊನೆಯವರೆಗೂ ಹೋರಾಡಿದೆ' ಅಂತ ಹಾಕು."

"ಮ್ಯಾನೇಜರ್ ಒಪ್ತಾರಾ ಅಕ್ಕಾ?"

"ಇಪ್ಪತ್ತು ವರ್ಷದಿಂದ ಅವರ ಬರಹ ತಿದ್ದುತಾ ಇದೀನಿ. ಅವರ ಮನಸ್ಸು ನಂಗೆ ಗೊತ್ತಿಲ್ವಾ?"

ಅವನು ಎಂಟು ಎಂದು ಬರೆದ. ನಾಲ್ಕೂವರೆಗೆ ಕೊನೆಯ ಪುಸ್ತಕ ಕಟ್ಟಿ, ಚೀಟಿಯೊಡನೆ ಹೊರಟವನು ಕಾಗದದ ಉಗ್ರಾಣದ ಮುಂದೆ ತಡೆದು ನಿಂತ. 'ಕೊನೆಯವರೆಗೂ ಹೋರಾಡಿದೆ' ಎಂಬ ಸಾಲು ಯಾವನೋ ಪರಿಚಯವಿಲ್ಲದ ಸಂಭಾವಿತನ ಹಾಗೆ ಅವನನ್ನೇ ದಿಟ್ಟಿಸುತ್ತಿತ್ತು. ನಿನ್ನೆ ಆ ಹುಡುಗ ದಾಟಿ ಹೋದಾಗ ಓಡಿದ್ದರೆ ಹಿಡಿಯಬಹುದಾಗಿತ್ತು. ನಾಲ್ಕು ಹೆಜ್ಜೆಯ ಅಂತರ, ಅಷ್ಟೇ. ಮೊಣಕಾಲು ಬೇಡವೆಂದಿತು, ಅವನು ಅದರ ಮಾತು ಕೇಳಿ, ಆಟ ನಿಲ್ಲಿಸಿ, ಇದು ಆಫ್‌ಸೈಡ್ ಎಂದು ರೆಫರಿಯತ್ತ ಸುಳ್ಳೇ ಕೈ ಎತ್ತಿ ನಿಂತುಬಿಟ್ಟ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಹೆಂಡತಿ ನೋಡಲು ಬರುವುದು ಇಂಥ ಗೋಡೆಯನ್ನೇ? ಸೋಲಿಗಿಂತ ಆ ಎತ್ತಿದ ಕೈಯೇ ಅವನನ್ನು ಹೆಚ್ಚು ನೋಯಿಸಿತು.

ಎಲ್ಲವನ್ನೂ ಹೊಡೆದುಹಾಕಿ ಬರೆದ: 'ಎರಡು. ಮೂರನೆಯ ಗೋಲು ನನ್ನದೇ ತಪ್ಪು. ಅದು ಆಫ್‌ಸೈಡ್ ಅಲ್ಲವೆಂದು ನನಗೆ ಗೊತ್ತಿತ್ತು. ಓಡುವ ಮನಸ್ಸಾಗದೆ ಕೈ ಎತ್ತಿದೆ.'

ಬರೆದ ಚೀಟಿಯನ್ನು ಮಡಿಚಿ ಮ್ಯಾನೇಜರರ ಕೋಣೆಗೆ ನಡೆದ. ಮೈದಾನದ ಪ್ರತಿ ಹುಲ್ಲನ್ನೂ ಲೆಕ್ಕವಿಡುವ ಮ್ಯಾನೇಜರರು ಇದನ್ನು ನೋಡದಿರುತ್ತಾರೆಯೇ? ಅವರದೂ ಒಂದೋ ಎರಡೋ ಇರಲೇಬೇಕು.

ಮ್ಯಾನೇಜರರು ಚೀಟಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿ, ಮೂರನೆಯ ಸಲ ಓದಿದರು. ಆಮೇಲೆ ಲಕೋಟೆ ಹರಿದು ಪಟ್ಟಿಯನ್ನು ಅವನೆದುರು ತಿರುಗಿಸಿದರು. ಅವನ ಹೆಸರಿನ ಮುಂದೆ ಎಂಟು ಎಂದಿತ್ತು.

"ಎಂಟಾ ಸಾರ್?"

"ಮೊದಲೆರಡು ಗೋಲಿಗೂ ನಿಂಗೂ ಸಂಬಂಧ ಇಲ್ಲ. ಇಡೀ ತಂಡದಲ್ಲಿ ಆಡಿದೋನು ನೀನೊಬ್ನೇ ಅಂತ ಖುಷಿಪಟ್ಟಿದ್ದೆ ಕಣಯ್ಯಾ."

"ಮೂರನೇದು ಸಾರ್?"

"ಬದಲಿ ಆಟಗಾರನ ಚೀಟಿ ಬರೀತಾ ತಲೆ ಬಗ್ಗಿಸಿದ್ದೆ. ಎತ್ತೋ ಹೊತ್ತಿಗೆ ಗೋಲಾಗಿತ್ತು. ಕೀಪರ್ ಕಾಲ ಸಂದೀಲಿ ಹೋಯ್ತು ಅಂದ್ರು, ಅವನ ಅಂಕ ಕಳೆದೆ."

ಗೋಡೆ ಬೆರಳು ಮಡಿಚಿ ಲೆಕ್ಕ ಹಾಕಿದ. ಎಂಟರಿಂದ ಎರಡು ಕಳೆದರೆ ಆರು. ಆರು ಅಂಕದ ಅಂತರವನ್ನು ಆ ತಂಡದಲ್ಲಿ ಯಾರೂ ಈವರೆಗೆ ಸಾಧಿಸಿರಲಿಲ್ಲ.

"ಸಾರ್, ಈಗ ನಿಮಗೂ ವಿಷಯ ತಿಳೀತಲ್ಲ. ನಿಮ್ಮ ಎಂಟನ್ನ ಎರಡು ಮಾಡ್ಬಿಡಿ. ಇಬ್ರದ್ದೂ ಸರಿಹೋಗುತ್ತೆ."

ಮ್ಯಾನೇಜರರು ಚೀಟಿಯನ್ನೂ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ನ್ಯಾಯವಾದ ಬೇಡಿಕೆಯೆನಿಸಿತು. ಎಂಟನ್ನು ಹೊಡೆದು ಎರಡು ಎಂದು ತಿದ್ದಿ, ಪಕ್ಕದಲ್ಲಿ ಸಹಿಯನ್ನೂ ಹಾಕಿದರು.

"ಸರಿಹೋಯ್ತು. ಒಂದಂಕದ ವ್ಯತ್ಯಾಸ ಕೂಡ ಇಲ್ಲ. ಶಹಭಾಷ್! ಇಷ್ಟು ಪ್ರಾಮಾಣಿಕ ಆಟಗಾರನ್ನ ನಾನು ನೋಡೇ ಇಲ್ಲ."

"ಹಾಗಾದ್ರೆ ಭಾನುವಾರ ಆಡ್ತೀನಾ ಸಾರ್?"

ಅವರು ನಿಜವಾದ ಮರುಕದಿಂದ ಅವನ ಹೆಗಲ ಮೇಲೆ ಕೈಯಿಟ್ಟರು.

"ನೀನೇ ಹೇಳಪ್ಪಾ, ಹತ್ತಕ್ಕೆ ಎರಡು ತಗೊಂಡೋನನ್ನ ಕೊನೇ ಪಂದ್ಯದಲ್ಲಿ ಯಾರಾದ್ರೂ ಆಡಿಸ್ತಾರಾ?"

ಮನೆಗೆ ಬಂದಾಗ ಹೆಂಡತಿ ಅವನ ಜೆರ್ಸಿಗೆ ಇಸ್ತ್ರಿ ಹಾಕುತ್ತಿದ್ದಳು. ಬೋಳಾದ ಮೇಲ್ದುಟಿಯನ್ನು ನೋಡಿ ಒಂದು ಕ್ಷಣ ಬೆಚ್ಚಿದಳು. ಆದರೆ ಹೇಳಬೇಕಾದ ಸುದ್ದಿ ಅದಕ್ಕಿಂತ ದೊಡ್ಡದಿತ್ತು.

"ರೀ, ಹೆಡ್ ನರ್ಸ್ ಸಹಿ ಹಾಕಿಕೊಟ್ರು. ಇನ್ನು ಯಾರೂ ಬದಲಾಯಿಸೋ ಹಾಗಿಲ್ಲ. ಭಾನುವಾರ ನಮ್ದೇ! ಈಗ ಸರಿಯಾಗಿ ಹೇಳಿ, ಮೈದಾನದಲ್ಲಿ ನೀವು ಯಾವ ಕಡೆ ಇರ್ತೀರಾ? ನಾನು ಹತ್ತಿರದಲ್ಲೇ ಕೂತ್ಕೋಬೇಕು."

ಅವನು ಇಸ್ತ್ರಿಯ ಬಿಸಿಯಾರದ ಆ ಚೊಕ್ಕ ಜೆರ್ಸಿಯನ್ನು ಕೈಗೆತ್ತಿಕೊಂಡ. ಮಡಿಕೆಯನ್ನು ಮತ್ತೊಮ್ಮೆ ಮಡಿಚಿದ.

"ನೀನು ಎಲ್ಲಿ ಬೇಕಾದ್ರೂ ಕೂತ್ಕೋ," ಎಂದ. "ನಾನು ಪಕ್ಕದ ಸೀಟಲ್ಲೇ ಇರ್ತೀನಿ."