ಕೂದಲೆಳೆಯಷ್ಟು ದಪ್ಪ

ಶುಕ್ರವಾರದ ಪೂಜೆಯಲ್ಲಿ ಯಾವ ಯಂತ್ರಕ್ಕೂ ಅನ್ಯಾಯವಾಗಬಾರದೆಂದು ಜಡೇಸ್ವಾಮಿ ಅಳತೆ ಯಂತ್ರಕ್ಕೂ ಕೈಯಾರೆ ಕುಂಕುಮ ಇಟ್ಟ. ಸಾಕೋ ಸಾಲದೋ ಎಂದು ಅನುಮಾನ ಬಂದು ಇನ್ನೊಂದು ಸಲವೂ ಇಟ್ಟ.

ಕೊಳ್ಳೇಗಾಲದ ಆ ವರ್ಕ್‌ಶಾಪಿನಲ್ಲಿ ರೇಷ್ಮೆ ನೂಲು ತೆಗೆಯುವ ಯಂತ್ರಗಳಿಗೆ ಸ್ಪಿಂಡಲ್ ಎಂಬ ಕದಿರು ತಯಾರಾಗುತ್ತಿತ್ತು. ಸಂಜೆ ಕಾಲೇಜಿನಲ್ಲಿ ಡಿಪ್ಲೊಮಾ ಮಾಡಿದ್ದ ಜಡೇಸ್ವಾಮಿಯ ಕೆಲಸ ಅವನ್ನು ಅಳೆಯುವುದು. ಯಂತ್ರದ ತೋಳಿನ ತುದಿಯ ಸಾಸಿವೆಯಷ್ಟು ಕೆಂಪು ಮಣಿ ಸ್ಪಿಂಡಲನ್ನು ಮುಟ್ಟಿ ಮುಟ್ಟಿ ನೋಡುತ್ತದೆ. ಕಂಪ್ಯೂಟರು ಅದನ್ನು ಕ್ಯಾಡ್ ಮಾಡೆಲ್ಲಿಗೆ, ಅಂದರೆ ತನ್ನೊಳಗಿನ ಸರಿಯಳತೆಯ ನಕ್ಷೆಗೆ, ಹೋಲಿಸಿ, ಸರಿಯಿದ್ದರೆ ಹಸಿರು, ದಪ್ಪವಾದರೆ ಕೆಂಪು, ತೆಳುವಾದರೆ ನೀಲಿ ತೋರಿಸುತ್ತದೆ. ಸಂಜೆ ಮೈಸೂರಿನ ಗಿರಾಕಿ ಬರುವವರಿದ್ದರು. ಮಾಲು ಪಾಸಾದರೆ ಅವನ ಕೆಲಸ ಕಾಯಂ ಎಂದು ಮಾಲೀಕ ಕೆಂಪನಂಜಪ್ಪ ಹೇಳಿದ್ದರು.

ಮೊದಲ ಸ್ಪಿಂಡಲ್ ಇಟ್ಟ. ಪರದೆ ಮೆಣಸಿನಕಾಯಿ ಒಣಹಾಕಿದ ಕಣದಂತೆ ಕೆಂಪಾಯಿತು. ಇನ್ನೊಂದಿಟ್ಟ. ಅದೂ ಕೆಂಪು. ಎಲ್ಲವೂ ಕೂದಲೆಳೆಯಷ್ಟು ದಪ್ಪ! ಮುಚ್ಚಿಟ್ಟರೆ ತಪ್ಪಾದೀತೆಂದು ಕೂಡಲೇ ಮಾಲೀಕರ ಮೊಬೈಲಿಗೆ ಫೋಟೊ ಕಳಿಸಿದ.

"ದಿಷ್ಟಿ ಆಗ್ಯದೆ ಸಾ," ಎಂದು ಪ್ಯಾಕಿಂಗಿನ ಪುಷ್ಪ ಯಂತ್ರಕ್ಕೆ ನಿಂಬೆಹಣ್ಣು ಇಳಿ ತೆಗೆದಳು.

ಗ್ರೈಂಡಿಂಗಿನ ಚಿಕ್ಕಮಾದಪ್ಪ ಬಾಗಿಲಲ್ಲೇ ನಿಂತು ಗದರಿದ. "ಲೇ ಜಡೆಯಾ, ನೀನು ಉಟ್ಟೋಕ್ ಮುಂಚಿಂದ ತೇಯ್ತಾ ಇವ್ನಿ ಕಣ್ಲಾ! ನನ್ ಸ್ಪಿಂಡಲ್ ದಪ್ಪನಾ? ಮದ್ವೆ ವಿಡಿಯೋದಂಗೆ ನಿನ್ ಟಿವಿನೇ ದಪ್ಪ ತೋರಿಸ್ತದೆ!"

"ಟಿವಿ ಅಲ್ಲ ಕಣಣ್ಣ, ಕ್ಯಾಡ್ ಮಾಡೆಲ್ಲು."

"ಯಾವ್ ಮಾಡ್ಲಾದ್ರೇನ್ಲಾ. ಏಸಿ ಚಳಿಗೆ ನಡುಗ್ತಾ ಅದೆ, ಆರ್ಸು."

ಆರಿಸಿದ್ದಾಯಿತು, ಮತ್ತೆ ಹಾಕಿದ್ದಾಯಿತು, ಮಾಡೆಲ್ಲನ್ನು ಹೊಸದಾಗಿ ತೆರೆದದ್ದೂ ಆಯಿತು. ಹೊತ್ತು ಇಳಿದರೂ ಕೆಂಪು ಕೆಂಪೇ. ಕ್ಲಾಸಿನಲ್ಲಿ ತಾನು ತೂಕಡಿಸಿದ ದಿನವೇ ಇದನ್ನು ಹೇಳಿಕೊಟ್ಟಿರಬೇಕೆನಿಸಿ ಜಡೇಸ್ವಾಮಿಗೆ ಅಳು ಬಂತು.

ಬೆವರು ಒರೆಸಿಕೊಳ್ಳುವಾಗ ಕೈ ಮಣಿಗೆ ತಗಲಿತು. ಬೆರಳು ಕೆಂಪಾಯಿತು. ಮಣಿ ಬಣ್ಣ ಬಿಡುತ್ತದೆಯೇ? ಮೂಸಿ ನೋಡಿದ. ಬೆಳಗ್ಗೆ ತೋಳಿನ ತುದಿಗೆ ಇಟ್ಟ ಕುಂಕುಮ! ಕೆಂಪಿನ ಮೇಲೆ ಕೆಂಪು, ಕಾಣುವುದಾದರೂ ಹೇಗೆ? ಮಣಿಯೇ ದಪ್ಪವಾಗಿತ್ತು, ಸ್ಪಿಂಡಲ್ಲಲ್ಲ. ಒರೆಸಿ ಅಳೆದ. ಪರದೆ ನಾಟಿ ಗದ್ದೆಯಂತೆ ಹಸಿರಾಯಿತು.

ಆ ಸ್ಪಿಂಡಲನ್ನು ಹಿಡಿದುಕೊಂಡೇ ಮಾಲೀಕರ ಹತ್ತಿರ ಓಡಿದ.

"ಬಾರಪ್ಪ!" ಕೆಂಪನಂಜಪ್ಪ ಬೆನ್ನು ತಟ್ಟಿದರು. "ಬೆಳಗ್ಗೇನೇ ವಿಸ್ಯ ತಿಳ್ಸಿ ಮಾನ ಉಳಿಸ್ದೆ. ಫೋಟೋದಲ್ಲಿ ಎಷ್ಟು ದಪ್ಪ ಅಂತಿತ್ತೋ ಅಷ್ಟನ್ನೂ ಚಿಕ್ಕಮಾದಪ್ಪನ ಕೈಲಿ ತೇಯಿಸ್ಬುಟ್ಟೆ. ಒಂದೂ ಬುಟ್ಟಿಲ್ಲ. ನಿನ್ ಕೆಲ್ಸ ಕಾಯಂ!"

ಇಡೀ ವರ್ಕ್‌ಶಾಪಿನಲ್ಲಿ ಸರಿಯಾದ ಅಳತೆಯದೆಂದು ಉಳಿದದ್ದು ಜಡೇಸ್ವಾಮಿಯ ಕೈಯಲ್ಲಿದ್ದ ಒಂದು ಸ್ಪಿಂಡಲ್ ಮಾತ್ರ.

ತೇಯ್ದದ್ದೊಂದನ್ನು ತಂದು ಅಳೆದ. ಅಚ್ಚ ನೀಲಿ. ಹೊರಗೆ ಗಿರಾಕಿಯ ಕಾರು ಬಂದು ನಿಂತ ಸದ್ದಾಯಿತು.

"ಅಯ್ಯೋ ಸಾ, ಶುಕ್ರವಾರ ಕುಂಕುಮ ಒರೆಸ್ಬುಟ್ರಾ!" ಪುಷ್ಪ ತಟ್ಟೆ ಹಿಡಿದು ಬಂದಳು. "ಬುಡಿ, ನಾನೇ ಒಂದ್ ಬೊಟ್ಟು ಇಡ್ತೀನಿ."

ಜಡೇಸ್ವಾಮಿ ತಡೆಯಲೆಂದು ಕೈ ಎತ್ತಿದ. ಕೈ ಅಲ್ಲೇ ನಿಂತಿತು.

"ಒಂದು ಸಾಲ್ದು ಪುಷ್ಪಕ್ಕ," ಎಂದ ಮೆಲ್ಲಗೆ. "ಬೆಳಗ್ಗೆ ಎರಡು ಇಟ್ಟಿದ್ದೆ."