ಎರಡು ಮೋರೆಯ ಫಲಕ

ಬೆಟಗೇರಿಯಿಂದ ಗದಗಿಗೆ ಹಳ್ಳದ ದಂಡೆಗುಂಟ ಹೊಸ ದಾರಿಯಾಗಿತ್ತು. ಸೈಕಲ್ಲಿನವರಿಗೂ ನಡೆದಾಡುವವರಿಗೂ ಅದೊಂದೇ ದಾರಿ. ನಡುವೆ ಒಂದು ಫಲಕ: ಎಡಕ್ಕೆ ಸೈಕಲ್ಲಿನ ಚಿತ್ರ, ಬಲಕ್ಕೆ ನಡೆಯುವವನ ಚಿತ್ರ. ಬರೆದ ಪೇಂಟರ್ ಬಲು ನಿಯತ್ತಿನ ಮನುಷ್ಯ. ಮುಂದೆ ಬರೆದದ್ದನ್ನೇ ಕೂದಲೆಳೆಯಷ್ಟೂ ಬದಲಿಸದೆ ಹಿಂದೆಯೂ ಬರೆದಿದ್ದ. ಹೋಗುವವರ ಎಡವೇ ಬರುವವರ ಬಲ ಎಂಬುದು ಪಾಪ, ಅವನಿಗೆ ಹೊಳೆದಿರಲಿಲ್ಲ.

ಹೀಗಾಗಿ ಸೋಮವಾರ ಬೆಳಿಗ್ಗೆ, ಗದಗಿನ ಕಾಳಿನ ಅಂಗಡಿಗೆ ತೂಕದ ಕೆಲಸಕ್ಕೆ ಹೊರಟಿದ್ದ ಹೇಮಪ್ಪನ ಸೈಕಲ್ಲು ಅತ್ತಣಿಂದ ಬರುತ್ತಿದ್ದ ದೇವವ್ವನ ಬುಟ್ಟಿಗೆ ಗುದ್ದಿ, ಬದನೆಕಾಯಿಗಳೆಲ್ಲ ಹಳ್ಳದ ಪಾಲಾದವು.

"ಕಣ್ಣ ಮನ್ಯಾಗ ಇಟ್ಟ ಬಂದೀಯೇನೋ ಹೇಮಪ್ಪಾ? ಬೋರ್ಡ ಹೇಳಿದಂಗ ನಾ ಬಲಕ್ಕ ಹೊಂಟೇನಿ!"

"ನಾನೂ ಬೋರ್ಡ ಹೇಳಿದಂಗ ಎಡಕ್ಕ ಹೊಂಟೇನಿ ಬೇ!"

ದಾರಿಯ ಕಾವಲುಗಾರ ಅಝೀಮ ಬಂದು ಫಲಕವನ್ನು ಎರಡೂ ಕಡೆಯಿಂದ ಪರೀಕ್ಷಿಸಿದ. "ಇಬ್ಬರದೂ ಖರೇನ ಐತಿ. ಆದ್ರ ಹೇಮಪ್ಪಣ್ಣ, ನಾಳಿಂದ ಇಲ್ಲಿ ಸೈಕಲ್ ಇಳದು ನೂಕ್ಕೊಂತ ಹೋಗಬೇಕು ನೋಡ್ರಿ."

ನೂಕಿಕೊಂಡು ಹೋಗುವುದೇ! ಮೂವತ್ತು ವರ್ಷ ಎದುರುಗಾಳಿಯಲ್ಲೂ ಪೆಡಲ್ ಬಿಡದ ಹೇಮಪ್ಪ, ಓಣಿಯವರ ಕಣ್ಣೆದುರು ಕುಂಟೆತ್ತು ಹೊಡೆದುಕೊಂಡು ಹೋಗುವವನಂತೆ ಹೋಗುವುದೇ! ಅವನಿಗೆ ಬುಟ್ಟಿ ತಾಗಿದ್ದಕ್ಕಿಂತ ಈ ಮಾತು ಹೆಚ್ಚು ತಾಗಿತು.

ಅಷ್ಟರಲ್ಲಿ ಓಣಿಯ ತರುಣ ಸಂಘದ ಅಧ್ಯಕ್ಷ ಸೋಮೇಶ ಹಾಜರಾದ. ಎಲ್ಲಿ ನಾಲ್ಕು ಜನ ಸೇರುತ್ತಾರೋ ಅಲ್ಲಿ ಐದನೆಯವನು ಅವನೇ. "ಕಾಕಾ, ಅಂಜಬ್ಯಾಡ್ರಿ. ಹನ್ನೊಂದಕ್ಕ ಎಂಜಿನಿಯರ್ ಮೇಡಂ ದಾರಿ ನೋಡಾಕ ಬರ್ತಾರ. ನೀವ ಮಾತಾಡ್ರಿ, ಸೈಕಲ್ಲಿನವರೆಲ್ಲಾ ನಿಮ್ಮ ಬೆನ್ನಿಗೆ ಅದೀವಿ."

ಹನ್ನೊಂದಕ್ಕೆ ಎಂಜಿನಿಯರ್ ಸ್ನೇಹಾ ಬಂದಾಗ ಬೆನ್ನಿಗಿದ್ದವರೆಲ್ಲ ಬೇವಿನ ಮರದ ಹಿಂದಿದ್ದರು. ಹೇಮಪ್ಪ ಒಬ್ಬನೇ ಮುಂದೆ ಬಂದ.

"ಮೇಡಂ ಅವರ, ಬಾಯಿಲೆ ಹೇಳಿದ್ರ ತಿಳಿಯೂದಿಲ್ರಿ. ನೀವು ಆ ಕಡಿಂದ ನಡಕೊಂತ ಬರ್ರಿ, ನಾ ಈ ಕಡಿಂದ ಸೈಕಲ್ ಮ್ಯಾಲ ಬರ್ತೇನಿ. ಇಬ್ಬರೂ ಬೋರ್ಡ ಹೇಳಿದಂಗ ಬರೂಣು."

ಬಂದರು. ಹೇಮಪ್ಪನ ಮುಂದಿನ ಗಾಲಿ ಮೇಡಂ ಬೂಟಿನಿಂದ ಎರಡು ಬೆರಳು ದೂರದಲ್ಲಿ ಕಿರ್ರೆಂದು ನಿಂತಿತು. ಇಡೀ ಕಚೇರಿಗೆ ತಿಂಗಳಿಂದ ತಿಳಿಯದ್ದು ಅವರಿಗೆ ಆ ಕ್ಷಣದಲ್ಲಿ ತಿಳಿಯಿತು.

"ನೀವು ಹೇಳೂದು ನೂರಕ್ಕ ನೂರು ಬರೋಬ್ಬರಿ ಐತ್ರಿ ಹೇಮಪ್ಪನವರ," ಎಂದರು ಸ್ನೇಹಾ. ಮಧ್ಯಾಹ್ನಕ್ಕೆ ಪೇಂಟರ್ ಬಂದ, ಹಿಂದಿನ ಮೋರೆಯ ಚಿತ್ರಗಳನ್ನು ಅದಲುಬದಲು ಮಾಡಿದ. ಇನ್ನು ಹೋಗಲಿ ಬರಲಿ, ಸೈಕಲ್ಲೆಲ್ಲ ಹಳ್ಳದ ಮಗ್ಗುಲು, ನಡೆಯುವವರೆಲ್ಲ ಬೇವಿನ ಮರದ ಮಗ್ಗುಲು. ನಮ್ಮ ಬೆಟಗೇರಿಯ ಒಬ್ಬ ತೂಕದವ ಓದಿದವರಿಗೆ ಎಡಬಲ ಕಲಿಸಿದನೆಂದು ಊರಿಗೆ ಊರೇ ಎದೆಯುಬ್ಬಿಸಿತು. ಉಬ್ಬಿಸಬೇಕಾದದ್ದೇ.

ಸಂಜೆ ಹೇಮಪ್ಪ ಗದಗಿನಿಂದ ರಾಜನ ಹಾಗೆ ಸೈಕಲ್ ತುಳಿಯುತ್ತ ಬಂದ. ಫಲಕ ಸಮೀಪಿಸಿದಾಗ ತಲೆಯೆತ್ತಿ ನೋಡಿದ. ಪೇಂಟರನ ಚಿತ್ರಗಳನ್ನೆಲ್ಲ ಮುಚ್ಚಿ ಅದರ ಮೇಲೆ ಆಳೆತ್ತರದ ಫ್ಲೆಕ್ಸು! ಎಡಕ್ಕೆ ಸೈಕಲ್ಲೇರಿದ ಹೇಮಪ್ಪ, ಬಲಕ್ಕೆ ಕೈ ಮುಗಿದು ನಿಂತ ಸೋಮೇಶ ಮತ್ತು ಸಂಘದವರು. ಮೇಲೆ, 'ದಾರಿ ತೋರಿದ ಧೀಮಂತ ಶ್ರೀ ಹೇಮಪ್ಪನವರಿಗೆ ಹಾರ್ದಿಕ ಅಭಿನಂದನೆಗಳು.'

ತನ್ನ ಚಿತ್ರ ಎಡಕ್ಕಿದ್ದದ್ದನ್ನು ಕಂಡು ಹೇಮಪ್ಪನ ಹ್ಯಾಂಡಲ್ಲೂ ತಾನಾಗಿಯೇ ಎಡಕ್ಕೆ ಹೊರಳಿತು. ಅತ್ತ ಬೆಟಗೇರಿ ಕಡೆಯಿಂದ ಶಾಲು, ಹಾರ, ಆರತಿ ತಟ್ಟೆ ಹಿಡಿದು ಅವನ ಸನ್ಮಾನಕ್ಕೇ ಹೊರಟವರು ಬಲಬದಿ ಹಿಡಿದು ಬರುತ್ತಿದ್ದರು. ಢಮ್! ಹಾರ ಸೈಕಲ್ಲಿಗೆ ಬಿತ್ತು, ಆರತಿ ಸೋಮೇಶನ ಮೇಲೆ ಬಿತ್ತು, ಹೇಮಪ್ಪ ಎಲ್ಲರ ಮೇಲೆ ಬಿದ್ದ.

"ಮತ್ತ ಶುರು ಮಾಡಿದಿ ಏನೋ!" ತಟ್ಟೆ ಹಿಡಿದಿದ್ದ ದೇವವ್ವ ಚೀರಿದಳು.

ಮುಖ್ಯ ಅತಿಥಿಯಾಗಿ ಬಂದಿದ್ದ ಸ್ನೇಹಾ ಫಲಕದ ಸುತ್ತ ಒಂದು ಸುತ್ತು ಬಂದರು. ಸಂಘದವರೂ ನಿಯತ್ತಿನವರೇ, ಮುಂದೆ ಕಟ್ಟಿದ ಫ್ಲೆಕ್ಸನ್ನೇ ಹಿಂದೆಯೂ ಕಟ್ಟಿದ್ದರು. ಎರಡೂ ಕಡೆ ಎಡಕ್ಕೆ ಸೈಕಲ್ಲು, ಬಲಕ್ಕೆ ಕಾಲ್ನಡಿಗೆ.

"ಅಝೀಮ, ಎರಡೂ ಬಿಚ್ಚರಿ," ಎಂದರು ಸ್ನೇಹಾ. ಅಝೀಮ ಹಗ್ಗಕ್ಕೆ ಕೈ ಹಾಕಿದ.

ಹೇಮಪ್ಪ ಮೊಣಕಾಲು ಒರೆಸಿಕೊಳ್ಳುತ್ತ ಮೇಲೆ ನೋಡಿದ. ಐವತ್ತು ವರ್ಷದಲ್ಲಿ ಅವನ ಹೆಸರು ಅಚ್ಚಾಗಿದ್ದು ರೇಷನ್ ಕಾರ್ಡಿನಲ್ಲಿ ಮಾತ್ರ. ಅಲ್ಲಿ 'ಶ್ರೀ' ಇರಲಿಲ್ಲ.

"ಬಿಚ್ಚಬ್ಯಾಡೋ ತಮ್ಮಾ! ಮೇಡಂ ಅವರ, ನಾಡದು ಬೀಗರು ಬರೋರದಾರ್ರಿ. ಒಂದೆಂಟ ದಿನಾ ಇರ್ಲಿ ಬಿಡ್ರಿ."

"ಅಲ್ಲೀತನಕ ಸೈಕಲ್ಲಿನವರು ಏನ್ ಮಾಡ್ಬೇಕ್ರಿ?"

"ಏನೈತ್ರಿ ಅದರಾಗ," ಎಂದ ಹೇಮಪ್ಪ, ಹಾರ ಬಿದ್ದಿದ್ದ ಸೈಕಲ್ಲನ್ನು ಎತ್ತಿ ನಿಲ್ಲಿಸುತ್ತ, "ಇಳದು ನೂಕ್ಕೊಂತ ಹೋದ್ರಾತು."

ಹಾಗೆಂದವನೇ ಎಲ್ಲರಿಗಿಂತ ಮೊದಲು ತಾನೇ ನೂಕಿಕೊಂಡು ಹೊರಟ, ಹೆಜ್ಜೆಗೊಮ್ಮೆ ಹಿಂದೆ ತಿರುಗಿ ಮೇಲೆ ನೋಡುತ್ತ.