ಗೋದಾವರಿ ದಂಡೆಯ ಕೋಟೆಬಾಗಿಲು

ಹೂತುಹೋದ ಊರನ್ನು ಅಗೆಯುವವರಿಗೆ ಬಂಗಾರ ಸಿಗುತ್ತದೆಂದು ಜನ ನಂಬಿದ್ದಾರೆ. ಜೀವಮಾನವಿಡೀ ಅಗೆದ ನನಗೆ ಸಿಕ್ಕಿದ್ದು ಮಡಕೆ ಚೂರು, ಬೆನ್ನುನೋವು, ಜೊತೆಗೆ ನೆನೆನೆನೆದು ನಗುವಷ್ಟು ಸರಕು. ಸಿಕಂದರಾಬಾದಿನ ಪಾರ್ಕಿನಲ್ಲಿ ನಾನು ಒಬ್ಬನೇ ನಗುವುದನ್ನು ಕಂಡು, ವಾಕಿಂಗಿಗೆ ಬಂದವರು ಬೇರೆ ಬೆಂಚು ಹುಡುಕುತ್ತಾರೆ. ಆ ಸರಕಿನಲ್ಲಿ ಒಳ್ಳೆಯದೆಲ್ಲ ಒಂದೇ ಬೇಸಿಗೆಯದು.

ಗೋದಾವರಿ ದಂಡೆಯಲ್ಲೊಂದು ದಿಬ್ಬ, ಅದರ ಹೊಟ್ಟೆಯಲ್ಲಿ ಶಾತವಾಹನರ ಕಾಲದ ಕೋಟೆಯೂರು. ಕೆಳಗಡೆ ಹೊಸ ಅಣೆಕಟ್ಟು ಎದ್ದಿತ್ತು. ಮಳೆ ಹಿಡಿದರೆ ಹಿನ್ನೀರು ದಿಬ್ಬವನ್ನು ನುಂಗುವುದು ಖಂಡಿತ. ಹೈದರಾಬಾದಿನ ಕಚೇರಿಯಲ್ಲಿ ನಮ್ಮ ಸಾಹೇಬರು ಹೇಳಿಬಿಟ್ಟಿದ್ದರು: "ಕೋಟೆಬಾಗಿಲು ತೋರಿಸು, ಸುತ್ತ ಒಡ್ಡು ಹಾಕಿಸ್ತೀನಿ. ಬರೀ ಗೋಡೆ ನೋಡಿ ಯಾರೂ ಮಂಜೂರು ಮಾಡೋದಿಲ್ಲ." ಸಾಹೇಬರ ಮನೆತನ ಬೀದರ ಕಡೆಯದು. ಕಚೇರಿಗೆ ತೆಲುಗು, ಸಿಟ್ಟಿಗೆ ಉರ್ದು, ಖುಷಿಯಾದರೆ ಮಾತ್ರ ಕನ್ನಡ. ಈ ಮಾತು ಹೇಳಿದ್ದು ಉರ್ದುವಿನಲ್ಲಿ.

೧. ಎರಡು ಗೋಡೆ

ಮೊದಲ ವಾರವೇ ಇಟ್ಟಿಗೆ ಗೋಡೆ ತಲೆಯೆತ್ತಿತು. ದಿಬ್ಬದ ನೆತ್ತಿಗೆ ಹೋದರೆ ಮಾತ್ರ ಫೋನು ಸಿಗುತ್ತಿತ್ತು. ಏದುಸಿರು ಬಿಡುತ್ತ ಹತ್ತಿ ಮನೆಯವಳಿಗೆ ಹೇಳಿದೆ, "ಗೋಡಿ ಸಿಕ್ತು! ಎರಡು ಸಾವಿರ ವರ್ಷ ಆದ್ರೂ ಗಟ್ಟಿ ನಿಂತೈತಿ."

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದು. ಆಮೇಲೆ, "ಇಲ್ಲಿ ಅಡಗಿಮನಿ ಗೋಡಿ ಎರಡು ಮಳಿಗೇ ಬೀಳಾಕತ್ತೈತಿ. ನಿಮ್ಮ ಆ ಗೋಡಿ ಕಟ್ಟಿದವ್ರ ಪತ್ತೆ ಹಚ್ಚಿ ಕರಕೊಂಡು ಬರ್ರಿ."

೨. ಅಮಾವಾಸ್ಯೆ

ಗೋಡೆಯ ಬುಡದಲ್ಲಿ ಸಿಕ್ಕ ಮಡಕೆ ಚೂರುಗಳನ್ನು ತೊಳೆದು, ನಮ್ಮ ಬಿಡಾರದ ಅಂಗಳದಲ್ಲಿ ಸಾಲಾಗಿ ಒಣಹಾಕಿದ್ದೆ. ಗೋಡೆಯ ಕಾಲಕ್ಕೆ ಸಾಕ್ಷಿ ಹೇಳಬೇಕಾದವು ಅವೇ. ಒಂದು ಬೆಳಿಗ್ಗೆ ನೋಡುತ್ತೇನೆ, ಅಂಗಳಕ್ಕೆ ಸೆಗಣಿ ಸಾರಿಸಿ ರಂಗೋಲಿ ಹಾಕಿದೆ.

"ಅಮ್ಮಾ, ಚೂರು ಎಲ್ಲಿ?"

ನಮ್ಮ ಅಡುಗೆಯಾಕೆ ಯಾದಗಿರಿ ಕಡೆಯವಳು. "ಅಮಾಸಿ ಐತಲ್ರಿ. ಒಡದ ಗಡಗಿ ಅಂಗಳದಾಗ ಇಟಗೊಂಡ್ರ ಮನಿಗೆ ಚಲೋ ಅಲ್ಲ. ಎಲ್ಲಾ ತಿಪ್ಪಿಗೆ ಹಾಕೇನಿ. ತಿಂಗಳಿಂದ ಅಲ್ಲೇ ಬಿದ್ದಿದ್ದುವು, ನೀವು ಹೊಳ್ಳಿ ನೋಡಿಲ್ಲ."

ಆ ಇಡೀ ದಿನ ನಮ್ಮ ತಂಡದ ವಿದ್ವಾಂಸರೆಲ್ಲ ತಿಪ್ಪೆ ಕೆದರಿದೆವು. ಪಂಡಿತರು ಕಾಲನಿರ್ಣಯಕ್ಕಾಗಿ ಜಗಳ ಆಡದ ಉತ್ಖನನ ನಾನು ಕಂಡದ್ದು ಅದೊಂದೇ.

೩. ಬಾಗಿಲು

ಸಾಹೇಬರು ಬರುವ ಹಿಂದಿನ ಸಂಜೆ ಬಾಗಿಲು ಸಿಕ್ಕಿತು. ಸೊಂಟದೆತ್ತರದ ಗೋಡೆ ಒಂದೆಡೆ ನಿಂತು, ಗಾಡಿ ಹಾಯುವಷ್ಟು ಜಾಗ ಬಿಟ್ಟು, ಮತ್ತೆ ಶುರುವಾಗಿತ್ತು. ನಡುವೆ ಹೊಸ್ತಿಲಗಲ್ಲು, ಅದರಲ್ಲಿ ಕದ ತಿರುಗಿ ತಿರುಗಿ ಸವೆದ ಗುಳಿ. ಫೋಟೊ ಬೆಳಿಗ್ಗೆ ಸಾಹೇಬರೆದುರೇ ತೆಗೆದರಾಯಿತೆಂದು ಬಿಟ್ಟೆ. ಕುಸಿಯುವ ಕಡೆ ಆಸರೆ ಕೊಡಲು ಗೌಂಡಿಗಳಿದ್ದರು, ಅಡುಗೆಯಾಕೆಯ ಸೀಮೆಯವರೇ, ಹೈದರಾಬಾದಿನ ಮಾದಾಪುರದ ಕಟ್ಟಡಗಳಲ್ಲಿ ಇಟ್ಟಿಗೆ ಕೆಲಸ ಮಾಡಿದವರು. ಅವರ ಮೇಸ್ತ್ರಿಗೆ, "ದೊಡ್ಡ ಸಾಹೇಬ್ರು ಬರ್ತಾರ, ಎಲ್ಲಾ ನೀಟಾಗಿರ್ಲಿ" ಎಂದು ಹೇಳಿ, ನಸುಕಿಗೇ ಜೀಪು ತೆಗೆದುಕೊಂಡು ರೈಲ್ವೆ ಸ್ಟೇಷನ್ನಿಗೆ ಹೋದೆ.

ದಾರಿಯುದ್ದಕ್ಕೂ ಬಾಗಿಲ ವರ್ಣನೆ. ದಿಬ್ಬಕ್ಕೆ ಬಂದು ಗೋಡೆಗುಂಟ ನಡೆದೆವು. ಗೋಡೆ ಮುಗಿಯಲೊಲ್ಲದು. ಬಾಗಿಲು ಇರಬೇಕಾದಲ್ಲಿ ಗೋಡೆ, ಅದರಾಚೆಯೂ ಗೋಡೆ. ಬಾಗಿಲು ಇನ್ನೂ ಮುಂದಿದೆಯೆಂದು ತಿಳಿದ ಸಾಹೇಬರು ನಿಧಾನವಾಗಿ ಬರುತ್ತಿದ್ದರು. ಒಂದು ಕಡೆ ನಿಂತು ಗೋಡೆ ನೇವರಿಸಿ, ಕನ್ನಡದಲ್ಲೇ ಅಂದರು: "ನೋಡ್ರಿ, ಏನು ಕೆಲಸ! ಕೂದಲೆಳಿ ಅಷ್ಟೂ ಸೊಟ್ಟಿಲ್ಲ. ಈಗಿನ ಕಾಲದವ್ರಿಗೆ ಬರ್ತೈತೇನು ಇದು?"

ಹಿಂದೆ ನಿಂತಿದ್ದ ಮೇಸ್ತ್ರಿ ಕೈಮುಗಿದ. "ಬರ್ತೈತ್ರಿ ಸಾಹೇಬ್ರ. ಇವತ್ತು ಮುಂಜಾನೇನ ಕಟ್ಟೇವ್ರಿ."

ಸಾಹೇಬರು ಉರ್ದುವಿಗೆ ಇಳಿದರು. ಅವರು ಅಂದದ್ದು ಬರೆಯುವಂಥದ್ದಲ್ಲ. ಆ ಬೈಗುಳವೆಲ್ಲ ನನಗೊಬ್ಬನಿಗೇ ಎಂಬಂತೆ ಮೇಸ್ತ್ರಿ ನನ್ನನ್ನು ಕನಿಕರದಿಂದ ನೋಡಿ ವಿವರಿಸಿದ: "ನೀಟಾಗಿರ್ಲಿ ಅಂದ್ರಿ. ಗ್ವಾಡ್ಯಾಗ ಇಷ್ಟು ದೊಡ್ಡ ಖಿಂಡಿ ಬಿದ್ದಿತ್ತು. ಮಂದಿ ಬಂದಾಗ ಚಲೋ ಕಾಣ್ತೈತೇನ್ರಿ? ಬಿದ್ದಿದ್ದ ಹಳೇ ಇಟ್ಟಂಗಿನ ಹಾಕಿ, ಕೆಸರಾಗ ಕುಂದ್ರಿಸಿ ಮುಚ್ಚೇವಿ."

ಸಾಹೇಬರ ವಾಪಸು ರೈಲು ಮಧ್ಯಾಹ್ನಕ್ಕಿತ್ತು. "ತೆಗೀರಿ" ಅಂದೆ. ಒಂದೊಂದೇ ಇಟ್ಟಿಗೆ ಬಿಚ್ಚುತ್ತ ಹೋದಂತೆ ಮೇಸ್ತ್ರಿಯ ಮುಖ ಮದುವೆ ಮುರಿದುಬಿದ್ದವನದಂತಾಯಿತು. ಸಾಹೇಬರು ಗಡಿಯಾರ ನೋಡಿದರು. ಮತ್ತೆ ನೋಡಿದರು. ಕೊನೆಯ ಸಾಲು ಎದ್ದಿತು, ಕೆಸರು ಬಳಿದೆವು, ಗುಳಿ ಕಾಣಿಸಿತು.

ಸಾಹೇಬರು ಕುಕ್ಕರಗಾಲಲ್ಲಿ ಕೂತು ಗುಳಿಯೊಳಗೆ ಬೆರಳಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. ಯಾವ ಭಾಷೆ ಬರುತ್ತದೋ ಎಂದು ನಾನು ಅವರ ಬಾಯಿ ನೋಡುತ್ತ ನಿಂತೆ.

ಎದ್ದು ಕೈ ಝಾಡಿಸಿಕೊಂಡು, ಕನ್ನಡದಲ್ಲಿ ಹೇಳಿದರು: "ಒಡ್ಡು ಹಾಕಸೂಣು. ಆದ್ರ ಕಟ್ಟೂದು ಈ ಮೇಸ್ತ್ರಿ ಕೈಲೇ ಆಗಬೇಕು. ಖಿಂಡಿ ಕಂಡ್ರ ಬಿಡೂ ಮನಶ್ಯಾ ಅಲ್ಲ ಇಂವ."